ಬಿಳಿ ಮಾತ್ರೆಯ ಬೋಣಿ

ಕಳೆದ ವಾರ ಕುಮಟೆಯಿಂದ ಫೋನು ಮಾಡಿದಾಗ ನೀನು ಕೇಳಿದೆ, "ಅಜ್ಜಿ, ದೊಡ್ಡಜ್ಜಿ ನಿನ್ನ ಹತ್ರ ದುಡ್ಡು ಕೊಟ್ಟು ಮಾತ್ರೆ ತಕಂತಿದ್ಲಂತೆ, ಹೌದಾ? ಅಮ್ಮ ಸುಮ್ನೆ ಹೇಳೂದಾ?" ಹೌದು ಎಂದಷ್ಟೇ ಹೇಳಿ ನಾನು ಫೋನು ಇಟ್ಟೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೆ ಕೂತರೂ ಹೆಚ್ಚು ಬರುವುದಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ. ಈಗ ಇಲ್ಲಿ ಕಾಸರಕೋಡದಲ್ಲಿ ಮಳೆ ಹಿಡಿದಿದೆ, ಬೋಟುಗಳೆಲ್ಲ ದಡಕ್ಕೆ ಬಂದಿವೆ, ಒಣಗಿಸಲು ಮೀನಿಲ್ಲ. ನಿಮ್ಮ ಮಾವ, ನನ್ನ ಮಗರಾಯ, ಜಗಲಿಯಲ್ಲಿ ಹರಿದ ಬಲೆ ಹರಡಿಕೊಂಡು ಕೂತಿದ್ದಾನೆ. ನನಗೂ ಪುರುಸೊತ್ತು. ನೀನು ಔಷಧಿಯ ವಿದ್ಯೆ ಕಲಿಯಲು ಸೇರಿದ್ದೀ ಎಂದ ಮೇಲೆ ಇದನ್ನು ನಿನಗೆ ಸರಿಯಾಗಿ ಹೇಳಬೇಕು ಅನಿಸಿತು. ತಮ್ಮನಿಗೂ ಓದಿ ಹೇಳು, ಅವನು ನಗುತ್ತಾನೆ.

ದೊಡ್ಡಜ್ಜಿ ಅಂದರೆ ನನ್ನ ಅತ್ತೆ, ನಿಮ್ಮ ಅಜ್ಜನ ತಾಯಿ. ನೀವು ನೋಡಿದ್ದು ಮೂಲೆಯಲ್ಲಿ ಕಾಲು ಚಾಚಿ ಕೂತ ಮುದುಕಿಯನ್ನು. ನಾನು ಮದುವೆಯಾಗಿ ಬಂದಾಗ ಆಕೆಯ ಗಂಟಲು ಹೊಳೆಯ ಆಚೆ ದಡಕ್ಕೆ ಕೇಳುತ್ತಿತ್ತು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಬುಟ್ಟಿ, ಸೇತುವೆ ದಾಟಿ ಹೊನ್ನಾವರ, ಅಲ್ಲಿಂದ ಬಸ್ಸು ಹತ್ತಿ ಹಳದೀಪುರ. ಮನೆ ಮನೆಗೆ ಆಕೆಯ ಗಿರಾಕಿಗಳು. ಹಸಿ ಮೀನಿದ್ದರೆ ಹಸಿ, ಇಲ್ಲದಿದ್ದರೆ ನಾನು ಒಣಗಿಸಿಟ್ಟ ಬಂಗಡೆ, ಸೀಗಡಿ. ಮಾರುವುದು ಆಕೆಯ ಕೆಲಸ, ಉಪ್ಪು ಹಾಕಿ ಒಣಗಿಸುವುದು ನನ್ನ ಕೆಲಸ. ಮೊದಲ ವರ್ಷ ಒಂದು ಸಲ ನನ್ನನ್ನೂ ಪೇಟೆಯಲ್ಲಿ ಕೂರಿಸಿ ನೋಡಿದಳು. ನನ್ನ ಬಾಯಿಂದ ಕೂಗು ಹೊರಡಲಿಲ್ಲ. ಬುಟ್ಟಿಯ ಮುಂದೆ ತಲೆ ತಗ್ಗಿಸಿ ಕೂತೆ. ಕಾಗೆ ಬಂದು ಒಂದು ತಾರ್ಲೆ ಮೀನು ಎತ್ತಿಕೊಂಡು ಹೋಯಿತು, ಅದನ್ನೂ ಓಡಿಸಲಿಲ್ಲ.

"ಕಾಗೆಗೂ ಹುಶ್ ಅನ್ನೂಕಾಗ್ಲಿಲ್ವಾ ನಿಂಗೆ? ದೇವ್ರು ಬಾಯಿ ಕೊಟ್ಟದ್ದು ಅನ್ನ ಉಣ್ಣೂಕೆ ಮಾತ್ರವಾ?" ಎಂದಳು ಅತ್ತೆ. ಅಂದಿನಿಂದ ನನಗೆ ಮೂಗಿ ಎಂದೇ ಹೆಸರಾಯಿತು. ಏ ಮೂಗಿ, ಉಪ್ಪು ತಾ. ಏ ಮೂಗಿ, ಮೋಡ ಬಂತು, ಮೀನು ಒಳಗೆ ಹಾಕು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಒಗ್ಗಿಹೋಯಿತು. ನನ್ನ ಸ್ವಂತ ಹೆಸರನ್ನು ಯಾರಾದರೂ ಕರೆದರೆ ಯಾರನ್ನು ಕರೆದರೋ ಎಂದು ತಿರುಗಿ ನೋಡುವಷ್ಟು ಒಗ್ಗಿತು.

ನಿಮ್ಮ ಅಜ್ಜ ತೀರಿಕೊಂಡ ಮೇಲೂ ನಾವಿಬ್ಬರೂ ಹಾಗೇ ನಡೆಸಿಕೊಂಡು ಬಂದೆವು. ಆಕೆ ಮರೆಯಲು ಶುರು ಮಾಡಿದ್ದು ನನಗೆ ಗೊತ್ತಾದದ್ದು ಉಪ್ಪಿನಿಂದ. ನಾನು ಬೆಳಿಗ್ಗೆ ಉಪ್ಪು ಹಾಕಿಟ್ಟ ಮೀನಿಗೆ ಆಕೆ ಮಧ್ಯಾಹ್ನ ಮತ್ತೆ ಹಾಕುತ್ತಿದ್ದಳು, ಸಂಜೆ ಇನ್ನೊಮ್ಮೆ. ಗಿರಾಕಿಗಳು ದೂರಿದರು. ವಯಸ್ಸಾಯಿತು ಎಂದುಕೊಂಡೆ. ಆಮೇಲೆ ಒಂದು ದಿನ ಹಳದೀಪುರದಿಂದ ಖಾಲಿ ಬುಟ್ಟಿ ಹೊತ್ತು ಕುಮಟೆಯ ಬಸ್ಸು ಹತ್ತಿಬಿಟ್ಟಳು. ಕಂಡಕ್ಟರು ಗುರುತಿನವರು, ಅವರೇ ತಿರುಗಿ ಬರುವ ಬಸ್ಸಿನಲ್ಲಿ ಕೂರಿಸಿ ಕಳಿಸಿದರು. ಅದಾಗಿ ಕೆಲವು ದಿನಕ್ಕೆ, ನಾನು ಚಾ ಕೊಟ್ಟರೆ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಚಾ ಚಲೋ ಅದೆ. ನೀವು ಯಾರ ಮನೆಯವ್ರು?"

ಆಕೆ ನನ್ನನ್ನು ಮರೆತದ್ದಕ್ಕಿಂತ ಆ ನೀವು ಎಂಬ ಮರ್ಯಾದೆಗೇ ಹೆಚ್ಚು ಹೆದರಿದೆ. ಆ ಬಾಯಲ್ಲಿ ನನಗೆ ಯಾವತ್ತೂ ಮರ್ಯಾದೆ ಬಂದದ್ದಿಲ್ಲ.

ಕುಮಟೆಯಲ್ಲಿ ನರದ ಡಾಕ್ಟರು ಒಬ್ಬರು ಬರುತ್ತಿದ್ದರು. ನಿನ್ನ ಅಮ್ಮನೇ ಅಲ್ಲಿಗೆ ಕರೆದುಕೊಂಡು ಹೋದಳು. ಅವರು ಆಕೆಯನ್ನು ಕೂರಿಸಿಕೊಂಡು ಈ ತಿಂಗಳು ಯಾವುದು, ಈ ಊರು ಯಾವುದು ಎಂದೆಲ್ಲ ಕೇಳಿದರು. ತಿಂಗಳು ಹೇಳಲಿಲ್ಲ. ಬಂಗಡೆ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಮಾತ್ರ ಡಾಕ್ಟರಿಗೇ ಪಾಠ ಮಾಡಿದಳು. ಮರೆವಿನ ಕಾಯಿಲೆ ಎಂದರು. ದಿನಕ್ಕೊಂದು ಮಾತ್ರೆ ಬರೆದರು. ನನಗೆ ನಿಧಾನವಾಗಿ ಹೇಳಿದರು, "ನೋಡಿಯಮ್ಮಾ, ಹೋದ ನೆನಪನ್ನ ಇದು ವಾಪಸ್ ತರೂದಿಲ್ಲ. ಉಳಿದದ್ದನ್ನ ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳೂಕೆ ಸಹಾಯ ಮಾಡ್ತದೆ. ಎಲ್ಲರಿಗೂ ಒಂದೇ ಹಾಗೆ ಅಂತಿಲ್ಲ. ಆದ್ರೆ ಶುರು ಮಾಡಿದ ಮೇಲೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ."

ಮೊದಲು ಮಲಗುವಾಗ ಕೊಡಿ ಎಂದಿದ್ದರು. ಅದರಿಂದ ಆಕೆಗೆ ಕನಸು ಜಾಸ್ತಿಯಾಯಿತು. ಬೋಟು ಬಂತು ಬೋಟು ಬಂತು ಎಂದು ಎದ್ದು ಬುಟ್ಟಿ ಹುಡುಕುತ್ತಿದ್ದಳು. ಹೇಳಿದ್ದಕ್ಕೆ ಡಾಕ್ಟರು ಬೆಳಗಿಗೆ ಬದಲಿಸಿದರು. ಹೊಟ್ಟೆ ತೊಳಸುವುದು ಕೆಲವು ದಿನ ಇತ್ತು, ಅದೂ ನಿಂತಿತು. ಕೆಲವು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಸೀಗಡಿ ಹರಡುತ್ತಿದ್ದೆ, ಹಿಂದಿನಿಂದ ಕೂಗು ಬಂತು.

"ಏ ಮೂಗಿ! ಅಷ್ಟು ದಪ್ಪ ಹರಡ್ರೆ ಒಣಗ್ತದಾ? ಕೊಳಿತದೆ!"

ನಾನು ಸೀಗಡಿಯ ಎದುರು ಕೂತು ಅತ್ತುಬಿಟ್ಟೆ. ಅತ್ತದ್ದು ಖುಷಿಗೆ. ಆ ಮಾತ್ರೆಯಿಂದಲೇ ಆಯಿತೋ ಬೇರೆಯದರಿಂದ ಆಯಿತೋ ನಾನು ಹೇಳಲಾರೆ. ಆದರೆ ಅಂದಿನಿಂದ ನನಗೆ ಒಂದೇ ಲೆಕ್ಕ. ಆಕೆ ಮೂಗಿ ಅಂದ ದಿನ ಒಳ್ಳೆಯ ದಿನ. ನೀವು ಅಂದ ದಿನ ಕೆಟ್ಟ ದಿನ. ಮಾತ್ರೆ ತಪ್ಪಬಾರದು.

ಮಾತ್ರೆ ಹಳದಿ ಬಣ್ಣದ್ದು, ಸಣ್ಣದು, ದುಂಡಗೆ. ಹೊನ್ನಾವರದ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಸಿಗುತ್ತಿತ್ತು. ಅಂಗಡಿಯವರು ಕನ್ನಡಕ ಹಣೆಗೇರಿಸಿಕೊಂಡೇ ಇರುವ ಮನುಷ್ಯ. ನಮ್ಮ ಚೀಟಿ ನೋಡಿದರೇ ಎದ್ದು ಹಿಂದಿನ ಕಪಾಟಿಗೆ ಹೋಗುತ್ತಿದ್ದರು. ಈ ಮಾತ್ರೆ ತೆಗೆದುಕೊಳ್ಳುವವರು ಊರಲ್ಲಿ ಬೆರಳೆಣಿಕೆಯ ಮಂದಿ. ಹಾಗಾಗಿ ಹೆಚ್ಚು ಇಟ್ಟರೆ ತಾರೀಖು ಮುಗಿದು ಹಾಳಾಗುತ್ತದೆ, ಬೇಕಾದಷ್ಟೇ ತರಿಸುತ್ತೇನೆ ಎನ್ನುತ್ತಿದ್ದರು. ಹುಬ್ಬಳ್ಳಿಯ ಡಿಪೋದಿಂದ ಘಟ್ಟ ಇಳಿದು ಕುಮಟೆಗೆ ಬರಬೇಕು, ಕುಮಟೆಯ ಹೋಲ್‌ಸೇಲಿನವರು ವ್ಯಾನಿನಲ್ಲಿ ಹೊನ್ನಾವರಕ್ಕೆ ಕಳಿಸಬೇಕು. ನಮ್ಮ ಐಸಿನ ಲಾರಿ ಬರದಿದ್ದರೆ ಬೋಟು ಹೋಗುವುದಿಲ್ಲ ಎಂಬಂತೆ, ಆ ವ್ಯಾನು ಬಂದರೇ ನಮ್ಮ ಬೆಳಗು.

ಆ ಸಲದ ಮಳೆಗಾಲದಲ್ಲಿ ವ್ಯಾನು ಬರಲಿಲ್ಲ. ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಯಿತು. ನಾನು ಛತ್ರಿ ಹಿಡಿದು ಸೇತುವೆ ದಾಟಿ ಹೋದರೆ ಅಂಗಡಿಯವರು ಕೈ ಆಡಿಸಿದರು.

"ಬಂದಿಲ್ಲ ಅಮ್ಮಾ. ಮಣ್ಣು ತೆಗಿತಾ ಅವ್ರೆ ಅಂತೆ. ಯಾವಾಗ ಅಂತ ದೇವ್ರಿಗೇ ಗೊತ್ತು. ಮನೇಲಿ ಎಷ್ಟು ಅದೆ?"

"ಸ್ವಲ್ಪ ಅದೆ."

"ಸ್ವಲ್ಪ ಅಂದ್ರೆ ಎಂತ? ನೀವು ಹೀಗೆ ಪಿಸುಗುಟ್ರೆ ನಂಗೆ ಕೇಳೂದಿಲ್ಲ."

ಪಟ್ಟಿಯಲ್ಲಿ ಉಳಿದ ಕೊನೆಯ ಎರಡು ಮಾತ್ರೆಗಳನ್ನು ತೋರಿಸಿದೆ. ಅವರು ಕನ್ನಡಕ ಇಳಿಸಿ ನೋಡಿ, ಯೋಚಿಸಿ ಹೇಳಿದರು, "ಕುಮಟೆಗೆ ಹೋಗಿ ಪ್ರಯೋಜನ ಇಲ್ಲ, ಅಲ್ಲೂ ಇದೇ ಕತೆ. ಭಟ್ಕಳಕ್ಕೆ ಹೋಗಿ. ಅವ್ರಿಗೆ ಮಾಲು ದಕ್ಷಿಣದಿಂದ ಬರ್ತದೆ, ಮಂಗಳೂರು ಕಡೆಯಿಂದ. ಆ ರಸ್ತೆ ಚಲೋ ಅದೆ. ಕಂಪನಿ ಬೇರೆ ಆಗಬಹುದು. ಆದ್ರೆ ಪಟ್ಟಿಯ ಹಿಂಬದಿಗೆ ಬರೆದ ಔಷಧಿ ಹೆಸರು, ಪ್ರಮಾಣ ಎರಡೂ ಇದರಂತೇ ಇರಬೇಕು. ಡಾಕ್ಟರಿಗೊಂದು ಮಾತು ಕೇಳಿಯೇ ತಕಳ್ಳಿ."

ನಿಮ್ಮ ಮಾವ ಆಗ ಬೋಟಿನ ಇಂಜಿನ್ನಿನ ಕೆಲಸಕ್ಕೆ ಮಲ್ಪೆಗೆ ಹೋಗಿದ್ದ. ಪಕ್ಕದ ಮನೆಯವಳನ್ನು ಅತ್ತೆಯ ಹತ್ತಿರ ಕೂರಿಸಿ ನಾನೇ ಹೊರಟೆ. ಒಬ್ಬಳೇ ಭಟ್ಕಳಕ್ಕೆ ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಟಿಕೀಟು ಕೇಳುವಾಗಲೂ ಕಂಡಕ್ಟರಿಗೆ ಎರಡು ಸಲ ಹೇಳಬೇಕಾಯಿತು. ಖಾಲಿ ಪಟ್ಟಿಗಳನ್ನೂ ಚೀಟಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕಿಟಕಿಯ ಗಾಜು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮಂಕಿ ಊರು ದಾಟುವಷ್ಟರಲ್ಲಿ ಎಡಗಡೆ ಪೂರ್ತಿ ಒದ್ದೆ.

ಭಟ್ಕಳದ ಅಂಗಡಿಯಲ್ಲಿ ಜನ ತುಂಬಿದ್ದರು. ಒಬ್ಬರು ಉರ್ದು, ಒಬ್ಬರು ಕೊಂಕಣಿ, ಇನ್ನೊಬ್ಬರು ನವಾಯತಿ. ನಾನು ಮೂಲೆಯಲ್ಲಿ ನಿಂತೆ. ಬಂದವರೆಲ್ಲ ಹೋದರು, ಹೊಸಬರು ಬಂದರು, ಅವರೂ ಹೋದರು. ಕೊನೆಗೆ ಅಂಗಡಿಯವನೇ ಕೇಳಿದ. ಗಡ್ಡ ಬಿಟ್ಟ, ನಗುಮುಖದ ಗಂಡಸು.

"ಅಮ್ಮಾ, ಮಳೆಗೆ ನಿಂತದ್ದಾ, ಔಷಧಿಗಾ?"

ಚೀಟಿ ಕೊಟ್ಟೆ. ಅವನು ಒಂದು ಪಟ್ಟಿ ತಂದಿಟ್ಟ. ಅದರ ಮೇಲಿನ ಹೆಸರು ಬೇರೆ, ಒಳಗಿನ ಮಾತ್ರೆ ಬೆಳ್ಳಗೆ. ನಾನು ಅದನ್ನು ಹಿಂದಕ್ಕೆ ತಳ್ಳಿದೆ.

"ಇದಲ್ಲ. ನಮ್ದು ಹಳದಿ."

"ಅರೇ, ಬಣ್ಣ ನೋಡ್ಬೇಡಿ ಅಮ್ಮಾ. ಹಿಂದೆ ನೋಡಿ, ಹಿಂದೆ."

ನಾನು ಹಳೆಯ ಪಟ್ಟಿಯನ್ನು ಅದರ ಪಕ್ಕ ಇಟ್ಟು, ಬೆರಳಿಟ್ಟು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಹೋಲಿಸುತ್ತ ಹೋದೆ. ಅವನಿಗೆ ಗಿರಾಕಿಗಳಿದ್ದರೂ ಅವಸರ ಮಾಡಲಿಲ್ಲ. ಡೊನೆಪೆಜಿಲ್ ಹೈಡ್ರೋಕ್ಲೋರೈಡ್, ಐದು ಮಿಲಿಗ್ರಾಂ. ಅದರಲ್ಲೂ ಅದೇ, ಇದರಲ್ಲೂ ಅದೇ. ಅಷ್ಟು ತಿಂಗಳಿಂದ ಕೊಡುತ್ತಿದ್ದ ಮಾತ್ರೆಯ ಹೆಸರನ್ನು ನಾನು ಸರಿಯಾಗಿ ಓದಿದ್ದು ಅಂದೇ.

"ಹಾಗಾದ್ರೆ ಹಳದಿ ಎಂತಕ್ಕೆ?" ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು, ಬಾಯಿಬಿಟ್ಟದ್ದಕ್ಕೆ.

ಅವನು ಹೇಳಿದ್ದನ್ನು ನಿನಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಮಾತ್ರೆಯಲ್ಲಿ ನಿಜವಾದ ಔಷಧಿ ಇರುವುದು ಚಿಟಿಕೆಗಿಂತಲೂ ಎಷ್ಟೋ ಕಡಿಮೆ. ಅಷ್ಟನ್ನೇ ಕೊಟ್ಟರೆ ಕೈಗೆ ಸಿಗುವುದಿಲ್ಲ, ಗಾಳಿಗೆ ಹಾರುತ್ತದೆ. ಅದಕ್ಕೆ ಹಾಲಿನ ಸಕ್ಕರೆ, ಮೆಕ್ಕೆಜೋಳದ ಹಿಟ್ಟಿನಂಥದ್ದು ಸೇರಿಸಿ ಒತ್ತಿ ಗುಂಡಗೆ ಮಾಡುತ್ತಾರೆ. ಮೇಲೆ ತೆಳ್ಳಗೆ ಒಂದು ಪದರ, ನುಂಗುವಾಗ ಕಹಿ ಹತ್ತದ ಹಾಗೆ. ಆ ಪದರಕ್ಕೆ ಒಂದು ಕಂಪನಿ ಹಳದಿ ಹಾಕುತ್ತದೆ, ಇನ್ನೊಂದು ಬಿಳಿ ಬಿಡುತ್ತದೆ. ಹಳದಿಯದು ಕಬ್ಬಿಣದ ತುಕ್ಕಿನ ಜಾತಿಯ ಬಣ್ಣವಂತೆ, ತಿಂದರೆ ತೊಂದರೆ ಇಲ್ಲದ್ದು. ಕೇಳಿ ನನಗೆ ನಮ್ಮ ಬುಟ್ಟಿ ನೆನಪಾಯಿತು. ಐಸು ತುಂಬ, ಮೀನು ನಡುವೆ. ಐಸು ಯಾವ ಫ್ಯಾಕ್ಟರಿಯದಾದರೇನು, ಒಳಗಿನ ಇಸ್ವಾಣ ಮೀನು ಇಸ್ವಾಣವೇ. ಮನಸ್ಸಿನಲ್ಲೇ ಇಟ್ಟುಕೊಂಡೆ.

ಅವನೇ ಕುಮಟೆಯ ಡಾಕ್ಟರ ಆಸ್ಪತ್ರೆಗೆ ಫೋನು ಹಚ್ಚಿ ಕೇಳಿದ. ಆಗಬಹುದು, ಅದೇ ಔಷಧಿ, ಅದೇ ಪ್ರಮಾಣ ಎಂದರು. "ನಮ್ಮ ಅಮ್ಮಿಗೂ ಇದೇ ಕೊಡೂದು," ಎಂದು ಪಟ್ಟಿಗಳನ್ನು ಲಕೋಟೆಗೆ ಹಾಕಿದ. "ಮಾತ್ರೆ ತಂದದ್ದು ದೊಡ್ಡ ಕೆಲ್ಸ ಅಲ್ಲ ಅಮ್ಮಾ. ನುಂಗಿಸೂದು ಅದೆಯಲ್ಲ, ಅದು."

ಅವನು ಹೇಳಿದ್ದರ ಅರ್ಥ ಹಳದಿ ಮುಗಿದ ಮರುದಿನ ಗೊತ್ತಾಯಿತು.

ಅತ್ತೆ ಬಿಳಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮೂಸಿದಳು. ಇಡೀ ಜನ್ಮ ಮೀನು ಆರಿಸಿದ ಕೈ ಅದು, ಯಾರು ಏನು ಕೊಟ್ಟರೂ ಹಾಗೆಯೇ ನೋಡುವುದು.

"ಇದು ನಮ್ಮ ಮಾಲಲ್ಲ."

"ಅದೇ ಅತ್ತೆ. ಕಂಪನಿ ಬೇರೆ, ಅಷ್ಟೇ."

"ಬಣ್ಣ ಬಿಟ್ಟು ಬಿಳಚಿಕೊಂಡದೆ. ಹಳೇದನ್ನ ತೊಳ್ದು ತಂದಿದ್ಯಾ? ನಂಗೆ ಹೇಳೂಕೆ ಬರ್ತ್ಯಾ?" ಎಂದು ಅಂಗಳಕ್ಕೆ ಎಸೆದಳು. ಕೋಳಿ ಓಡಿ ಬಂತು, ನಾನು ಕೋಳಿಗಿಂತ ಮೊದಲು ಓಡಿ ಹೆಕ್ಕಿದೆ.

ಗಂಜಿಯಲ್ಲಿ ಹಾಕಿ ಕೊಟ್ಟೆ. ಮೀನಿನ ಮುಳ್ಳು ತೆಗೆಯುವವರ ನಾಲಿಗೆ, ಗಂಜಿಯೆಲ್ಲ ಒಳಗೆ ಹೋಗಿ ಮಾತ್ರೆ ಮಾತ್ರ ತುಟಿಯ ಮೇಲೆ ಬಂತು. ಬಾಳೆಹಣ್ಣಿನೊಳಗೆ ಸಿಕ್ಕಿಸಿದೆ, ಅಲ್ಲೂ ಅದೇ ಆಯಿತು. ಪುಡಿ ಮಾಡಿದರೆ ಕಹಿ, ಮಾಡಬೇಡಿ ಎಂದು ಡಾಕ್ಟರೂ ಹೇಳಿದ್ದರು. ನಿಮ್ಮ ಮಾವ ಮಲ್ಪೆಯಿಂದ ಬಂದವನು ಮುದ್ದು ಮಾಡಿ ನೋಡಿದ. "ನಂಗಾಗಿ ನುಂಗು ಅಜ್ಜಿ." ಅವನ ಕೆನ್ನೆ ಸವರಿ, "ನೀನೇ ನುಂಗು ಮಗಾ, ನೀನು ಸೊರಗಿದ್ಯೆ," ಎಂದಳು.

ಹೀಗೆ ಕೆಲವು ದಿನ ಹೋಯಿತು. ಮಾತ್ರೆ ಬಿಟ್ಟದ್ದಕ್ಕೋ, ಸೂರ್ಯನ ಮುಖವೇ ಕಾಣದ ಆ ಮಳೆಯ ಮಬ್ಬಿಗೋ, ಅತ್ತೆ ಸುಮ್ಮನಾಗತೊಡಗಿದಳು. ಬೈಗಳು ನಿಂತಿತು. ಉಪ್ಪಿನ ಮರಿಗೆಯ ಹತ್ತಿರ ಹೋಗಿ ಏತಕ್ಕೆ ಬಂದೆ ಎಂದು ನಿಂತುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನಾನು ತಲೆ ಬಾಚುತ್ತಿದ್ದಾಗ ಮೆಲ್ಲಗೆ ಹೇಳಿದಳು, "ನಿಮ್ಗೆ ಯಾಕೆ ಸುಮ್ನೆ ತ್ರಾಸು? ನಮ್ಮ ಮನೆಯವ್ಳು ಬರ್ತದೆ, ಅದು ಬಾಚ್ತದೆ."

"ಯಾರು ಬರ್ತ್ರು?" ಎಂದೆ.

"ನಮ್ಮ ಸೊಸೆ. ಮಾತು ಬರೂದಿಲ್ಲ ಅದ್ಕೆ. ಕೆಲ್ಸ ಚಲೋ ಮಾಡ್ತದೆ."

ನನ್ನ ಕೆಲಸ ಚಲೋ ಎಂದು ಆಕೆ ಹೇಳಿದ್ದನ್ನು ಅಷ್ಟು ವರ್ಷಗಳಲ್ಲಿ ಅದೇ ಮೊದಲು ಕೇಳಿದ್ದು. ಕೇಳಿದ್ದು ನಾನು ಬೇರೆ ಯಾರೋ ಆದ ಮೇಲೆ. ಇನ್ನು ಸ್ವಲ್ಪ ದಿನ ಹೀಗೇ ಹೋದರೆ ಆ ಸೊಸೆಯೂ ಆಕೆಯ ತಲೆಯಿಂದ ಅಳಿಸಿ ಹೋಗುತ್ತಾಳೆ ಅನಿಸಿತು.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಹೊಳೆಯ ಬೆಳಚು, ಅದೇ ಚಿಪ್ಪುಮೀನು, ಮಾರುವ ಹೆಂಗಸು ಓಣಿಯಲ್ಲಿ ಬಂದಳು. ನಮ್ಮಲ್ಲಿ ಬೆಳಚು ಬೇಡವಾಗಿತ್ತು. ಬೇಡ ಎಂದು ಕೈ ಸನ್ನೆ ಮಾಡಿದೆ. ಅವಳು ಬುಟ್ಟಿ ಇಳಿಸದೆಯೇ ಕೂಗಿದಳು, "ಬೋಣಿ ಆಗ್ಲಿಲ್ಲೆ ಅಮ್ಮಾ, ಬೆಳಿಗ್ಗಿಂದ ಬೋಣಿ ಆಗ್ಲಿಲ್ಲೆ!"

ಒಳಗಿನ ಮೂಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಅತ್ತೆ ಎದ್ದು ಬಂದಳು. ಕೋಲು ಕೂಡ ಹಿಡಿಯಲಿಲ್ಲ. "ಇಳಿಸು ತಂಗಿ, ಇಳಿಸು. ಬೋಣಿ ಆಗ್ದೆ ಹೋಗ್ಬಾರ್ದು," ಎಂದು ಸೆರಗಿನ ಗಂಟು ಬಿಚ್ಚಿ, ಅಲ್ಲಿ ಸದಾ ಇರುವ ಒಂದು ರೂಪಾಯಿಯ ನಾಣ್ಯ ಅವಳ ಕೈಗಿಟ್ಟಳು. ಅದಕ್ಕೆ ಬರುವಷ್ಟು ಬೆಳಚು ಒಂದು ಹಿಡಿಯೂ ಇಲ್ಲ. ಆದರೂ ಆ ಹೆಂಗಸು ನಾಣ್ಯವನ್ನು ಕಣ್ಣಿಗೊತ್ತಿ, ಬುಟ್ಟಿಗೆ ಮುಟ್ಟಿಸಿ, ಹಿಡಿ ತುಂಬ ಕೊಟ್ಟಳು.

ಪಟ್ಟಣದ ಮಕ್ಕಳು ನೀವು, ಹೇಳಬೇಕು. ದಿನದ ಮೊದಲ ವ್ಯಾಪಾರ ಬೋಣಿ. ಅದು ಒಳ್ಳೆಯದಾದರೆ ದಿನ ಒಳ್ಳೆಯದು. ಬೋಣಿಯಾಗಿಲ್ಲ ಎಂದು ಕೇಳಿದವಳನ್ನು ಮೀನು ಮಾರುವ ಇನ್ನೊಬ್ಬಳು ಬರಿಗೈಯಲ್ಲಿ ಕಳಿಸುವುದಿಲ್ಲ. ಜಗಳವಾಡಿದವರೂ ಕಳಿಸುವುದಿಲ್ಲ. ಅತ್ತೆ ತಿಂಗಳು ಮರೆತಳು, ಊರು ಮರೆತಳು, ನನ್ನನ್ನೂ ಮರೆಯುತ್ತಿದ್ದಳು. ಬೋಣಿಯನ್ನು ಮಾತ್ರ ಮರೆತಿರಲಿಲ್ಲ.

ಬೆಳಚನ್ನು ತೊಳೆಯುತ್ತ ನಾನು ಇದನ್ನೇ ಯೋಚಿಸಿದೆ. ಯೋಚಿಸಿದಷ್ಟೂ ಹೆದರಿಕೆಯಾಯಿತು, ಏಕೆಂದರೆ ಮಾಡಬೇಕಾದದ್ದು ನಾನು. ನಿಮ್ಮ ಮಾವನಿಗೆ ಹೇಳಬಹುದಿತ್ತು, ಆದರೆ ನಮ್ಮಲ್ಲಿ ಬುಟ್ಟಿ ಹೊತ್ತು ಮಾರುವವರು ಹೆಂಗಸರು. ಗಂಡಸು ಬಂದು ಕೂತರೆ ಅತ್ತೆ ನಂಬುವುದಿಲ್ಲ.

ಮರುದಿನ ಅತ್ತೆ ಮುಖ ತೊಳೆದು ಗಂಜಿ ಕುಡಿದ ಮೇಲೆ, ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಆಕೆಯದೇ ಹಳೆಯ ಬುಟ್ಟಿ, ಆಕೆಯದೇ ಸಿಂಬೆ. ಬುಟ್ಟಿಯೊಳಗೆ ಬಾಳೆ ಎಲೆ, ಎಲೆಯ ನಡುವೆ ಒಂದು ಬಿಳಿ ಮಾತ್ರೆ. ಅದನ್ನು ತಲೆಯ ಮೇಲಿಟ್ಟುಕೊಂಡು ಮನೆಯನ್ನು ಸುತ್ತಿ ಮುಂದಿನ ಅಂಗಳಕ್ಕೆ ಬಂದೆ. ಪಕ್ಕದ ಮನೆಯವಳು ಬೇಲಿಯ ಆಚೆ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು.

"ಎಂತ ಅಕ್ಕಾ, ಈ ಮಳೆಗೆ ಎಲ್ಲಿಗೆ ಹೊರಟ್ಯೆ?"

ಉತ್ತರ ಕೊಟ್ಟರೆ ಇದ್ದ ಧೈರ್ಯವೂ ಹೋಗುತ್ತದೆ ಎಂದು ತಿರುಗಿ ನೋಡದೆ ನಡೆದೆ. ಜಗಲಿಯ ಮುಂದೆ ನಿಂತು ಕೂಗಿದೆ. ಕೂಗಿದೆ ಎಂದು ಬರೆಯುತ್ತಿದ್ದೇನೆ, ಹೊರಟದ್ದು ಒಂದು ಉಸಿರು.

ಒಳಗಿನಿಂದ ಅತ್ತೆ, "ಯಾರದು? ಬೆಕ್ಕಾ?" ಎಂದಳು.

ಬೇಲಿಯ ಆಚೆ ನಗು. ನಿಮ್ಮ ಮಾವ ಬಲೆಯ ಹಿಂದೆ ಮುಖ ಅಡಗಿಸಿಕೊಂಡು ಅಲುಗಾಡುತ್ತಿದ್ದ. ನಾನು ಕಣ್ಣು ಮುಚ್ಚಿದೆ. ಹೊನ್ನಾವರದ ಪೇಟೆಯಲ್ಲಿ ಆಕೆ ಹೇಗೆ ನಿಲ್ಲುತ್ತಿದ್ದಳು ಎಂಬುದನ್ನು ನೆನೆದೆ. ಒಂದು ಕೈ ಸೊಂಟಕ್ಕೆ, ಗದ್ದ ಮೇಲಕ್ಕೆ.

"ಹೊಸ ಮಾಲು ಬಂತೇ! ಬೋಣಿ ಆಗ್ಲಿಲ್ಲೆ ಅಮ್ಮಾ, ಬೋಣಿ ಮಾಡಿಯೇ!"

ತೆಂಗಿನ ಮರದಲ್ಲಿದ್ದ ಕಾಗೆ ಹಾರಿತು. ನಿಜವಾಗಿ ಹಾರಿತು. ನಿಮ್ಮ ಮಾವನನ್ನು ಕೇಳಿ.

ಅತ್ತೆ ಹೊರಗೆ ಬಂದಳು. "ಇಳಿಸು ತಂಗಿ," ಎಂದಳು. ನಾನು ಇಳಿಸಿದೆ. ಬಗ್ಗಿ ನೋಡಿ ಹುಬ್ಬು ಗಂಟು ಹಾಕಿದಳು.

"ಇದೆಂತ, ಇಷ್ಟೇಯಾ?"

"ಮಳೆಗಾಲ ಅಲ್ವಾ ಅಮ್ಮಾ. ಸಿಕ್ಕಿದ್ದು ಇಷ್ಟೇ."

"ಮಾತ್ರೆಯಲ್ವಾ ಇದು?"

"ಮಾತ್ರೆಯೇ ಅಮ್ಮಾ." ಆಕೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮರೆವಿಗೆ ಚಲೋದು. ಭಟ್ಕಳದಿಂದ ತಂದದ್ದು."

"ಮೀನು ಬಿಟ್ಟು ಮಾತ್ರೆ ಮಾರೂಕೆ ಹೊರಟ್ರಾ ಈಗ! ಕಾಲ ಕೆಟ್ಟೋಯ್ತು. ಇದು ಬಿಳಚಿಕೊಂಡದೆ."

"ಬಣ್ಣ ಮೇಲಿಂದು ಮಾತ್ರ. ಒಳಗಿನ ಮಾಲು ನೋಡಿ. ಬೋಣಿ ಹೊತ್ತಿಗೆ ಬೇಡ ಅನ್ಬೇಡಿ."

ಆ ಮಾತಿಗೆ ಆಕೆಯ ಕೈ ತಾನಾಗಿ ಸೆರಗಿಗೆ ಹೋಯಿತು. ಗಂಟು ಬಿಚ್ಚಿತು, ನಾಣ್ಯ ನನ್ನ ಕೈಗೆ ಬಂತು. ಹಿಂದಿನ ದಿನವೇ ನಾನು ಅಲ್ಲಿ ಇನ್ನೊಂದು ಕಟ್ಟಿಟ್ಟಿದ್ದೆ. ನಾನು ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಮುಟ್ಟಿಸಿದೆ. ಇನ್ನು ಆಕೆ ನುಂಗುತ್ತಾಳೋ, ಎಲೆಯಲ್ಲಿ ಮಡಚಿ ಸೊಂಟಕ್ಕೆ ಇಟ್ಟುಕೊಳ್ಳುತ್ತಾಳೋ ಎಂದು ನೋಡುತ್ತಿದ್ದೆ. ನಿಮ್ಮ ಮಾವ ನೀರಿನ ಚೊಂಬು ತಂದು ಪಕ್ಕದಲ್ಲಿ ಇಟ್ಟ. ಆಕೆ ಮಾತ್ರೆ ನೋಡಿದಳು, ಚೊಂಬು ನೋಡಿದಳು.

"ದುಡ್ಡು ಕೊಟ್ಟು ತಕಂಡದ್ದನ್ನ ಹಾಳು ಮಾಡೂಕಾಗ್ತದಾ?" ಎಂದು ತನಗೆ ತಾನೇ ಹೇಳಿಕೊಂಡು ಬಾಯಿಗೆ ಹಾಕಿ ನೀರು ಕುಡಿದಳು.

ಹಾಗೆ ಶುರುವಾಯಿತು ನಮ್ಮ ವ್ಯಾಪಾರ. ಸ್ನಾನ ಮಾಡಿಸುವಾಗ ನಾನು ನಾಣ್ಯವನ್ನು ಮತ್ತೆ ಆಕೆಯ ಸೆರಗಿಗೆ ಕಟ್ಟುತ್ತಿದ್ದೆ, ಬೆಳಿಗ್ಗೆ ಅದು ನನ್ನ ಕೈಗೆ ಬರುತ್ತಿತ್ತು. ದಿನವೂ ಹೊಸ ಬೋಣಿ, ದಿನವೂ ಅದೇ ನಾಣ್ಯ. ದಿನವೂ ಚೌಕಾಶಿ ಬೇರೆ. ಒಂದು ದಿನ ಮಾಲು ಸಣ್ಣದು, ಒಂದು ದಿನ ನಾನು ತಡವಾಗಿ ಬಂದೆ, ಒಂದು ದಿನ ಎಲೆ ಒಣಗಿದೆ. ಪಕ್ಕದ ಮನೆಯವಳು ಆ ಹೊತ್ತಿಗೆ ಸರಿಯಾಗಿ ಬೇಲಿಗೆ ಬಂದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಳು. "ಇವತ್ತು ಗಂಟಲು ಚಲೋ ಬಂತು ಅಕ್ಕಾ," ಎಂದು ನನಗೆ ಮಾರ್ಕು ಕೊಡುತ್ತಿದ್ದಳು. ಮೊದಮೊದಲು ನಾಚಿಕೆಯಿಂದ ಸಾಯುತ್ತಿದ್ದವಳು ಆಮೇಲೆ ಕಾಯತೊಡಗಿದೆ. ಆ ಬೆಳಗಿನ ಜಗಳದಲ್ಲಿ ಅತ್ತೆಯ ಕಣ್ಣು ಹೊಳೆಯುತ್ತಿತ್ತು, ಮಳೆಯ ಮಬ್ಬೂ ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಆದರೆ ನಾನು ಆಕೆಗೆ ಇನ್ನೂ ತಂಗಿಯೇ, ಯಾವುದೋ ಊರಿನ ಮಾರುವವಳೇ.

ಘಟ್ಟದ ರಸ್ತೆ ಬಿಟ್ಟಿತು. ಹೊನ್ನಾವರದ ಅಂಗಡಿಯವರು ನಿಮ್ಮ ಮಾವನ ಕೈಯಲ್ಲಿ ಹಳದಿ ಮಾತ್ರೆ ಕಳಿಸಿದರು, "ನಿಮ್ಮದು ಬಂತು" ಎಂದು. ನನಗೆ ಸಮಾಧಾನ. ಹಳೆಯದು, ಗೊತ್ತಿದ್ದದ್ದು. ಬಿಳಿಯ ಪಟ್ಟಿ ಮುಗಿದ ಮರುದಿನ ಹಳದಿಯನ್ನು ಎಲೆಯ ಮೇಲಿಟ್ಟು, ಬುಟ್ಟಿ ಹೊತ್ತು ಬಂದು, ಕೂಗಿ, ಇಳಿಸಿದೆ. ಅತ್ತೆ ಬಗ್ಗಿದಳು. ಎತ್ತಿ ಬೆಳಕಿಗೆ ಹಿಡಿದಳು. ಒತ್ತಿದಳು, ಮೂಸಿದಳು. ಆಮೇಲೆ ಬುಟ್ಟಿಯನ್ನು ಬಿಟ್ಟು ನನ್ನ ಮುಖವನ್ನು ನೋಡಿದಳು.

"ಏ ಮೂಗಿ!"

ನನ್ನ ಕೈಯಿಂದ ಸಿಂಬೆ ಬಿತ್ತು.

"ಎಂತ ಬಾಯಿ ಬಿಡ್ತೆ? ಬಿಳೇದು ಎಲ್ಲಿ? ದಿನಾ ತಕಂಬವ್ರಿಗೇ ಮಾಲು ಬದಲ್ಸ್ತ್ಯಾ? ಹೀಗೆ ಮಾಡ್ರೆ ಗಿರಾಕಿ ನಿಲ್ತ್ರಾ? ಇಷ್ಟು ವರ್ಷ ನನ್ನ ಜೊತೆ ಇದ್ದು ಇದೇಯಾ ಕಲ್ತದ್ದು?"

"ಒಳಗಿನ ಮಾಲು ಒಂದೇ ಅತ್ತೆ!" ಎಂದೆ. ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಪಕ್ಕದ ಮನೆಯವಳು ಬೇಲಿ ಹಿಡಿದುಕೊಂಡಿದ್ದಳು.

"ಕೂಗ್ಬೇಡ, ಕಿವಿ ಕೇಳ್ತದೆ ನಂಗೆ. ಕೂಗು ಕಲ್ತ ಕೂಡ್ಲೆ ಮಾರಾಟ ಬಂದಂಗಾಯ್ತಾ? ಇವತ್ತು ಬೋಣಿ ಅಂತ ತಕಂತೆ. ನಾಳೆ ಬಿಳೇದೇ ಬೇಕು. ಆತಾ?"

"ಆತು," ಎಂದೆ.

ಮರುದಿನ ಬೆಳಿಗ್ಗೆಯ ಬೋಣಿಗೂ ಹಳದಿಯನ್ನೇ ಇಡಬೇಕಾಯಿತು, ಬೈಗಳು ತಿಂದೇ ಮಾರಿದೆ. ಬೈದದ್ದು ಹೆಸರು ಹಿಡಿದೇ, ಆದ್ದರಿಂದ ಬೇಸರವಾಗಲಿಲ್ಲ. ಅದು ಮುಗಿದ ಮೇಲೆ ಭಟ್ಕಳದ ಬಸ್ಸು ಹತ್ತಿದೆ. ಮಳೆ ಕಡಿಮೆಯಾಗಿತ್ತು, ಕಿಟಕಿ ತೆರೆದೇ ಕೂತೆ. ಅಂಗಡಿಯಲ್ಲಿ ಮೊದಲಿನ ಹಾಗೇ ಜನ. ಈ ಸಲ ಮೂಲೆಯಲ್ಲಿ ನಿಲ್ಲಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟೆ. ಅವನು ಗುರುತು ಹಿಡಿದು ನಕ್ಕ.

"ರಸ್ತೆ ಬಿಟ್ತಲ್ಲ ಅಮ್ಮಾ! ನಿಮ್ಮ ಹಳದಿ ಈಗ ಹೊನ್ನಾವರದಲ್ಲೇ ಸಿಗ್ತದೆ. ಇಷ್ಟು ದೂರ ಸುಮ್ನೆ ಯಾಕೆ?"

"ನಮ್ಮ ಗಿರಾಕಿಗೆ ಬಿಳೇದೇ ಆಗ್ಬೇಕು," ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅಷ್ಟು ದೊಡ್ಡದಾಗಿ ಹೇಳಿದ್ದೆನಂತೆ.